ಜಾಹೀರಾತಿನ ಲೆಕ್ಕ: ತಕ್ಕಡಿ ಯಾರ ಕೈಯಲ್ಲಿ?

ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಅಡಿಕೆ ಹಾಳೆಯ ತಟ್ಟೆ ಮೊದಲಾದ ಸರಕುಗಳನ್ನು ಮಧ್ಯವರ್ತಿಗಳ ಕೈಗೆ ಕೊಡದೆ ನೇರವಾಗಿ ಬೆಂಗಳೂರಿನ ಮನೆಗಳಿಗೆ ತಲುಪಿಸುವ ಪ್ರಯತ್ನ ನಮ್ಮ ಬೆಳೆಗಾರರಲ್ಲಿ ಈಚೆಗೆ ಹೆಚ್ಚುತ್ತಿದೆ. ಅದರಲ್ಲಿಯೂ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಭಾಗ ನಮಗೆ ಅನುಕೂಲವಾದ ಮಾರುಕಟ್ಟೆ. ತುಮಕೂರು ರಸ್ತೆಯಿಂದ ನಗರವನ್ನು ಸೇರುವ ಮಲೆನಾಡಿನ ಸರಕಿಗೆ ಯಶವಂತಪುರವೇ ಬಾಗಿಲು. ಹೆಬ್ಬಾಳದಾಚೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಪ್ರತಿವರ್ಷ ನಡೆಯುವ ಕೃಷಿ ಮೇಳದಲ್ಲಿ ಮಳಿಗೆ ಹಾಕಿದವರಿಗೆಲ್ಲ ಒಂದೇ ಅನುಭವ: ಪುಡಿಯ ಪರಿಮಳಕ್ಕೆ ಜನ ನಿಲ್ಲುತ್ತಾರೆ, ಕೊಳ್ಳುತ್ತಾರೆ, “ಮುಂದಿನ ತಿಂಗಳು ಎಲ್ಲಿ ಸಿಗುತ್ತದೆ?” ಎಂದು ಕೇಳುತ್ತಾರೆ. ಮೇಳ ಮುಗಿದ ಮೇಲೆ ಆ ಪ್ರಶ್ನೆಗೆ ಉತ್ತರ ತಲುಪಿಸಲು ನಮ್ಮವರು ಹಿಡಿದಿರುವ ದಾರಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು.

ದಾರಿ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ದಾರಿಯಲ್ಲಿ ಹೋದ ಹಣಕ್ಕೆ ಬಂದ ಆದಾಯವೆಷ್ಟು ಎಂದು ಕೇಳಿದರೆ ಸದಸ್ಯರು ಮೊಬೈಲಿನ ಪರದೆಯನ್ನು ತೋರಿಸುತ್ತಾರೆ. ಅದರಲ್ಲಿರುವುದು ಜಾಹೀರಾತು ಮಾರುವ ಕಂಪೆನಿಯೇ ಬರೆದ ಲೆಕ್ಕ. ಸರಕು ಕೊಳ್ಳುವವನೇ ತೂಗಿ, ತೂಗಿದವನೇ ಚೀಟಿ ಬರೆದುಕೊಡುವ ಪದ್ಧತಿಯನ್ನು ಬಿಟ್ಟು ಸಹಕಾರ ಸಂಘ ಕಟ್ಟಿಕೊಂಡ ನಾವು, ಜಾಹೀರಾತಿನ ವಿಷಯದಲ್ಲಿ ಮಾತ್ರ ಎದುರಿನವರ ತಕ್ಕಡಿಯನ್ನು ಕಣ್ಣುಮುಚ್ಚಿ ನಂಬಬೇಕೆ? ಈ ಪ್ರಶ್ನೆಯನ್ನು ಸದಸ್ಯರ ಮುಂದಿಡುವುದೇ ಈ ಬರಹದ ಉದ್ದೇಶ.

ಹಳೆಯ ಪಾಠ

ತೂಕದ ವಿಷಯ ನಮಗೆ ಹೊಸದಲ್ಲ. ಚೆರಿ ಕಾಫಿ ಮಾರುವ ಪ್ರತಿಯೊಬ್ಬ ಸಣ್ಣ ಬೆಳೆಗಾರನಿಗೂ ಔಟ್‌ಟರ್ನ್ ಎಂದರೇನೆಂದು ಗೊತ್ತು. 50 ಕಿಲೋ ಚೀಲದಲ್ಲಿ ಶುದ್ಧ ಬೀಜ 26 ಕಿಲೋ ಎಂದು ಬರೆದರೆ ಒಂದು ದರ, 28 ಎಂದು ಬರೆದರೆ ಇನ್ನೊಂದು. ಆ ಎರಡು ಕಿಲೋ ಯಾರ ಯಂತ್ರದಲ್ಲಿ, ಯಾರ ಕಣ್ಣೆದುರಿಗೆ ನಿರ್ಧಾರವಾಯಿತು ಎಂಬುದರ ಮೇಲೆ ವರ್ಷದ ಲಾಭ ನಿಂತಿದೆ. ಅಡಿಕೆಯಲ್ಲಿಯೂ ಅಷ್ಟೇ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು, ಅದಕ್ಕೂ ಮೊದಲೇ ಶಿರಸಿ, ಶಿವಮೊಗ್ಗಗಳಲ್ಲಿ ಅಡಿಕೆ ಬೆಳೆಗಾರರು ತಮ್ಮ ಮಾರಾಟ ಸಂಘಗಳನ್ನು ಕಟ್ಟಿಕೊಂಡದ್ದು ದರಕ್ಕಾಗಿ ಮಾತ್ರವಲ್ಲ. ದರ್ಜೆ, ತೂಕ ಮತ್ತು ಲೆಕ್ಕ ತಮ್ಮವರ ಕಣ್ಣ ಮುಂದೆ ನಡೆಯಬೇಕೆಂಬುದಕ್ಕಾಗಿ.

ಕಾಫಿಯ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. 1942ರ ಕಾಫಿ ಕಾಯಿದೆಯ ಕೆಳಗೆ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಬೆಳೆಗಾರ ಕಾಫಿಯನ್ನು ಪೂಲಿಗೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ. ದರದ ಏರಿಳಿತದಿಂದ ಸ್ವಲ್ಪ ರಕ್ಷಣೆ ಇತ್ತು. ಆದರೆ ತನ್ನ ಕಾಫಿಯನ್ನು ಕೊನೆಗೆ ಕುಡಿದವರು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಮಾರಾಟ ಮುಕ್ತವಾಯಿತು. ಆ ಸ್ವಾತಂತ್ರ್ಯದ ಹೆಚ್ಚಿನ ಪ್ರಯೋಜನ ರಫ್ತುದಾರರಿಗೂ ದೊಡ್ಡ ಪುಡಿ ಕಂಪೆನಿಗಳಿಗೂ ಹೋಯಿತು. ಗಿರಾಕಿಯ ಹೆಸರು, ವಿಳಾಸ, ರುಚಿ ಇವು ನಮ್ಮ ಪುಸ್ತಕಕ್ಕೆ ಬರುತ್ತಿರುವುದು ಈಗಷ್ಟೇ. ಆ ಪುಸ್ತಕವನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಈಗಿನ ಎಣಿಕೆ ಹೇಗೆ ನಡೆಯುತ್ತದೆ?

ಜಾಹೀರಾತು ನೋಡಿದ ಗಿರಾಕಿ ಅದನ್ನು ಒತ್ತಿ ನಮ್ಮ ಮಾರಾಟದ ಪುಟಕ್ಕೆ ಬರುತ್ತಾನೆ. ಆ ಪುಟದಲ್ಲಿ ಕಂಪೆನಿ ಕೊಟ್ಟ ಒಂದು ಪುಟ್ಟ ಲಿಪಿ ಕುಳಿತಿರುತ್ತದೆ. ಇದಕ್ಕೆ ಪಿಕ್ಸೆಲ್ ಎಂದು ಹೆಸರು. ಅದು ಕೆಲಸ ಮಾಡುವುದು ಗಿರಾಕಿಯ ಮೊಬೈಲಿನ ಬ್ರೌಸರಿನಲ್ಲಿ. ಹಣ ಪಾವತಿಯಾಗಿ “ನಿಮ್ಮ ಆರ್ಡರ್ ಬಂದಿದೆ, ಧನ್ಯವಾದ” ಎಂಬ ಪುಟ ತೆರೆದೊಡನೆ ಅದು ಮೆಟಾ ಕಂಪೆನಿಗೆ ಒಂದು ಸುದ್ದಿ ಕಳುಹಿಸುತ್ತದೆ: ಇಂಥ ಜಾಹೀರಾತಿನಿಂದ ಬಂದವರು ಇಷ್ಟು ರೂಪಾಯಿಯ ಸರಕು ಕೊಂಡರು ಎಂದು. ಆ ಸುದ್ದಿಯ ಆಧಾರದ ಮೇಲೆಯೇ ಕಂಪೆನಿ ನಮಗೆ ಲೆಕ್ಕ ತೋರಿಸುತ್ತದೆ. ಮುಂದೆ ಯಾರಿಗೆ ಜಾಹೀರಾತು ತೋರಿಸಬೇಕೆಂದು ತೀರ್ಮಾನಿಸುವುದಕ್ಕೂ ಅದೇ ಮುಖ್ಯ ಆಧಾರ.

ಈ ಸುದ್ದಿ ದಾರಿಯಲ್ಲಿ ಕಳೆದುಹೋಗುವುದಕ್ಕೆ ಕಾರಣಗಳು ಹಲವು. ನಮ್ಮ ದೇಶದ ಮಟ್ಟಿಗೆ ಬಹು ಸಾಮಾನ್ಯವಾದದ್ದು ಯುಪಿಐ ಪಾವತಿ. ಗಿರಾಕಿ ಹಣ ಕೊಡಲು ಬೇರೊಂದು ಆ್ಯಪಿಗೆ ಹೋಗುತ್ತಾನೆ. ಹಣ ಕಡಿತವಾದ ಸದ್ದು ಕೇಳಿದೊಡನೆ ಮೊಬೈಲನ್ನು ಜೇಬಿಗಿಡುತ್ತಾನೆ. ಧನ್ಯವಾದದ ಪುಟ ತೆರೆಯುವುದೇ ಇಲ್ಲ. ಹಣ ಬಂದಿದೆ, ಆರ್ಡರ್ ಬಂದಿದೆ, ಪಿಕ್ಸೆಲ್ ಮಾತ್ರ ಸುಮ್ಮನಿದೆ. ಎರಡನೆಯದು, ಜಾಹೀರಾತು ತಡೆಯುವ ತಂತ್ರಾಂಶಗಳು; ಇವು ಪಿಕ್ಸೆಲನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಮೂರನೆಯದು, ಐಫೋನು. ಅದರ ಸಫಾರಿ ಬ್ರೌಸರ್ 2017ರಿಂದಲೇ ಇಂಥ ಗುರುತುಗಳ ಆಯುಷ್ಯವನ್ನು ಕಡಿಮೆ ಮಾಡುತ್ತ ಬಂದಿದೆ. 2021ರ ಏಪ್ರಿಲಿನಲ್ಲಿ 14.5ನೆಯ ಆವೃತ್ತಿಯೊಂದಿಗೆ ಆಪಲ್ ಕಂಪೆನಿ ಹೊಸ ಕಟ್ಟಳೆ ತಂದಿತು: ಬೇರೆ ಬೇರೆ ಆ್ಯಪ್ ಮತ್ತು ತಾಣಗಳಲ್ಲಿ ಬಳಕೆದಾರನ ಜಾಡು ಹಿಡಿಯಬೇಕಾದರೆ ಮೊದಲು ಅವನ ಅನುಮತಿ ಕೇಳಬೇಕು ಎಂದು. ಬೇಡವೆಂದವರು ಬಹುಮಂದಿ. ಇದರಿಂದ 2022ರಲ್ಲಿ ತಮಗೆ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಬಹುದೆಂದು ಮೆಟಾ ಕಂಪೆನಿಯೇ ಆ ವರ್ಷದ ಫೆಬ್ರವರಿಯಲ್ಲಿ ಹೇಳಿತ್ತು. ಒಳ್ಳೆಯ ಕಾಫಿಗೆ ಒಳ್ಳೆಯ ಬೆಲೆ ಕೊಡುವ ಹೆಬ್ಬಾಳ, ಯಲಹಂಕದ ದೊಡ್ಡ ವಸತಿ ಸಮುಚ್ಚಯಗಳ ಗಿರಾಕಿಗಳಲ್ಲಿ ಐಫೋನಿನವರು ಇದ್ದೇ ಇರುತ್ತಾರೆಂಬುದನ್ನು ಮರೆಯಬಾರದು.

ಸರ್ವರ್ ಮೂಲಕ ಎಣಿಕೆ

ಇದಕ್ಕೆ ಪರಿಹಾರವಾಗಿ ಬಂದದ್ದು ಸರ್ವರ್ ಮೂಲಕ ಲೆಕ್ಕ ಕಳುಹಿಸುವ ಪದ್ಧತಿ. ಮೆಟಾ ಕಂಪೆನಿ ಇದಕ್ಕೆ 2020ರಿಂದ ಕನ್ವರ್ಷನ್ಸ್ ಎಪಿಐ ಎಂಬ ಹೆಸರಿಟ್ಟಿದೆ. ಗೂಗಲ್ ಮೊದಲಾದ ಇತರರಲ್ಲಿಯೂ ಇದೇ ಬಗೆಯ ವ್ಯವಸ್ಥೆಗಳಿವೆ. ತತ್ವ ಸರಳ. ಸುದ್ದಿ ಹೊರಡುವುದು ಗಿರಾಕಿಯ ಮೊಬೈಲಿನಿಂದಲ್ಲ, ನಮ್ಮ ಆರ್ಡರ್ ಪುಸ್ತಕ ಇರುವ ಗಣಕದಿಂದ. ಹಣ ಬಂದಿತೆಂದು ಪಾವತಿ ಸಂಸ್ಥೆ ನಮ್ಮ ಸರ್ವರಿಗೆ ತಿಳಿಸುತ್ತದೆ. ನಮ್ಮ ಸರ್ವರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಬಳಿಕ ಕಂಪೆನಿಗೆ ತಿಳಿಸುತ್ತದೆ. ಗಿರಾಕಿ ಧನ್ಯವಾದದ ಪುಟ ನೋಡಿದನೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಲಾರಿ ಚಾಲಕನ ಬಾಯಿಮಾತನ್ನು ನಂಬುವುದಕ್ಕೂ ಗೋದಾಮಿನ ರಿಜಿಸ್ಟರನ್ನು ನೋಡುವುದಕ್ಕೂ ಇರುವ ವ್ಯತ್ಯಾಸವಿದು.

ಆ ಸುದ್ದಿಯಲ್ಲಿ ಇರಬೇಕಾದವು ಇಷ್ಟು: ಯಾವ ಘಟನೆ, ಯಾವ ಸಮಯ, ಎಷ್ಟು ಮೊತ್ತ, ಯಾವ ನಾಣ್ಯ, ಆರ್ಡರಿಗೊಂದು ಪ್ರತ್ಯೇಕ ಸಂಖ್ಯೆ, ಮತ್ತು ಕೊಂಡವರನ್ನು ಜಾಹೀರಾತು ನೋಡಿದವರೊಂದಿಗೆ ಹೊಂದಿಸಲು ಬೇಕಾದ ಗುರುತು. ಗುರುತೆಂದರೆ ಜಾಹೀರಾತನ್ನು ಒತ್ತಿದಾಗ ವಿಳಾಸದೊಂದಿಗೆ ಬರುವ ಕ್ಲಿಕ್ ಸಂಖ್ಯೆ, ಇಲ್ಲವೇ ಗಿರಾಕಿಯ ಫೋನ್ ಸಂಖ್ಯೆ ಅಥವಾ ಇ-ಮೇಲ್. ಈ ಕೊನೆಯ ಎರಡನ್ನು ಹಾಗೆಯೇ ಕಳುಹಿಸುವಂತಿಲ್ಲ. ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ 64 ಅಕ್ಷರಗಳ ಸಂಕೇತವಾಗಿ ಬದಲಿಸಿ ಕಳುಹಿಸಬೇಕು. ಬದಲಿಸುವ ಮೊದಲು ಫೋನ್ ಸಂಖ್ಯೆಯ ಮುಂದೆ 91 ಇರಬೇಕು, ನಡುವೆ ಗೀಟು, ಖಾಲಿಜಾಗ ಇರಬಾರದು. ಒಂದು ಅಂಕೆ ಹೆಚ್ಚುಕಡಿಮೆಯಾದರೂ ಸಂಕೇತ ಪೂರ್ತಿ ಬೇರೆಯಾಗಿ ಹೊಂದಾಣಿಕೆಯೇ ಆಗದು. “ಎಲ್ಲವನ್ನೂ ಅಳವಡಿಸಿದ್ದೇವೆ, ಆದರೂ ಲೆಕ್ಕ ಬರುತ್ತಿಲ್ಲ” ಎನ್ನುವವರು ಮೊದಲು ಇದನ್ನೇ ನೋಡುವುದು ಲೇಸು.

ವಾಟ್ಸ್‌ಆ್ಯಪಿನಲ್ಲಿಯೇ ಆರ್ಡರ್ ಪಡೆಯುವ ಸದಸ್ಯರೂ ಇದ್ದಾರೆ. ಜಾಹೀರಾತನ್ನು ಒತ್ತಿ ನೇರವಾಗಿ ಸಂಭಾಷಣೆಗೆ ಬಂದ ಗಿರಾಕಿಗೂ ಒಂದು ಕ್ಲಿಕ್ ಸಂಖ್ಯೆ ಇರುತ್ತದೆ. ಆದರೆ ಅದನ್ನು ಹಿಡಿದಿಟ್ಟು ಬಳಸಲು ವಾಟ್ಸ್‌ಆ್ಯಪಿನ ವ್ಯಾಪಾರಿ ಎಪಿಐ ಬೇಕು. ಸಣ್ಣ ಬೆಳೆಗಾರನೊಬ್ಬ ತನ್ನ ಮೊಬೈಲಿನಲ್ಲಿ ಮಾಡಿಕೊಳ್ಳುವ ಕೆಲಸ ಅದಲ್ಲ.

ಸುಳ್ಳು ಕೊರತೆ, ಸುಳ್ಳು ಹೆಚ್ಚಳ

ಎಣಿಕೆ ತಪ್ಪಿದರೆ ಆಗುವ ನಷ್ಟವೇನು? ಉದಾಹರಣೆಗೆಂದು ಒಂದು ಲೆಕ್ಕ ಮಾಡೋಣ. ಜಾಹೀರಾತಿಗೆ 20,000 ರೂಪಾಯಿ ಖರ್ಚಾಯಿತು. ಅದನ್ನು ನೋಡಿಯೇ 100 ಮಂದಿ ಪುಡಿ ಕೊಂಡರು ಎನ್ನೋಣ. ಒಂದು ಆರ್ಡರಿಗೆ ಬಿದ್ದ ನಿಜವಾದ ಜಾಹೀರಾತು ಖರ್ಚು 200 ರೂಪಾಯಿ. ಪಿಕ್ಸೆಲಿಗೆ ಸಿಕ್ಕಿದವು 60 ಮಾತ್ರ. ಆಗ ಪರದೆಯ ಮೇಲೆ ಕಾಣುವ ಖರ್ಚು 333 ರೂಪಾಯಿ. ಆರ್ಡರೊಂದಕ್ಕೆ 250 ರೂಪಾಯಿ ಉಳಿಯುವ ಬೆಳೆಗಾರ ಇದನ್ನು ನೋಡಿ, ನಷ್ಟವೆಂದು ತಿಳಿದು ಜಾಹೀರಾತು ನಿಲ್ಲಿಸುತ್ತಾನೆ. ನಿಜಕ್ಕೂ ಅವನಿಗೆ ಆರ್ಡರಿಗೆ 50 ರೂಪಾಯಿ ಲಾಭವಿತ್ತು.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. ಪಿಕ್ಸೆಲೂ ಸರ್ವರೂ ಎರಡೂ ಸುದ್ದಿ ಕಳುಹಿಸುತ್ತಿದ್ದು, ಎರಡೂ ಒಂದೇ ಆರ್ಡರಿನವೆಂದು ಕಂಪೆನಿಗೆ ತಿಳಿಯದೆ ಹೋದರೆ 60ಕ್ಕೆ 100 ಸೇರಿ 160 ಆಗುತ್ತದೆ. ಖರ್ಚು 125 ರೂಪಾಯಿಯಂತೆ ಕಾಣುತ್ತದೆ. ಆರ್ಡರಿಗೆ 150 ರೂಪಾಯಿ ಮಾತ್ರ ಉಳಿಯುವವನು ಲಾಭವೆಂದು ಹಿಗ್ಗಿ ಖರ್ಚನ್ನು ಇಮ್ಮಡಿ ಮಾಡುತ್ತಾನೆ. ನಿಜಕ್ಕೂ ಪ್ರತಿ ಆರ್ಡರಿಗೆ 50 ರೂಪಾಯಿ ಕೈಯಿಂದ ಹೋಗುತ್ತಿರುತ್ತದೆ. ಇದನ್ನು ತಪ್ಪಿಸಲು ಎರಡು ಸುದ್ದಿಗಳಲ್ಲಿಯೂ ಘಟನೆಯ ಹೆಸರು ಒಂದೇ ಆಗಿರಬೇಕು, ಘಟನೆಯ ಸಂಖ್ಯೆಯೂ ಒಂದೇ ಆಗಿರಬೇಕು. ಹಾಗಿದ್ದು, ಎರಡೂ 48 ಗಂಟೆಗಳೊಳಗೆ ತಲುಪಿದರೆ ಕಂಪೆನಿ ಒಂದನ್ನು ಕೈಬಿಡುತ್ತದೆ. ನಮ್ಮ ಬಿಲ್ಲಿನ ಸಂಖ್ಯೆಯನ್ನೇ ಘಟನೆಯ ಸಂಖ್ಯೆಯಾಗಿ ಬಳಸಿದರೆ ಮುಂದೆ ತಾಳೆ ನೋಡುವುದೂ ಸುಲಭ.

ಮನೆ ಬಾಗಿಲಲ್ಲಿ ಹಣ ಕೊಡುವ ಆರ್ಡರುಗಳದು ಇನ್ನೊಂದು ತೊಡಕು. ಆರ್ಡರ್ ಹಾಕಿದವರೆಲ್ಲ ಪೊಟ್ಟಣವನ್ನು ತೆಗೆದುಕೊಳ್ಳುವುದಿಲ್ಲ. ಕೆಲವು ಹಿಂದಕ್ಕೆ ಬರುತ್ತವೆ, ಸಾಗಣೆ ಖರ್ಚು ನಮ್ಮ ತಲೆಗೆ. ಪಿಕ್ಸೆಲ್ ಇವನ್ನೂ ಮಾರಾಟವೆಂದೇ ಎಣಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪೊಟ್ಟಣ ಹಿಂದಿರುಗಿಸುವಂಥವರನ್ನೇ ಒಳ್ಳೆಯ ಗಿರಾಕಿಗಳೆಂದು ತಿಳಿದು ಕಂಪೆನಿ ಅಂಥ ಇನ್ನಷ್ಟು ಮಂದಿಯನ್ನು ಹುಡುಕಿ ತರುತ್ತದೆ. ಸರ್ವರ್ ಪದ್ಧತಿಯಲ್ಲಿ ಪೊಟ್ಟಣ ಮನೆ ಸೇರಿ ಹಣ ಕೈಗೆ ಬಂದ ಮೇಲೆಯೇ ಸುದ್ದಿ ಕಳುಹಿಸಲು ಸಾಧ್ಯ. ವೆಬ್ ಮಾರಾಟದ ಸುದ್ದಿಯನ್ನು 7 ದಿನಗಳವರೆಗೆ ತಡವಾಗಿ ಕೊಡಬಹುದು, ಚಿಕ್ಕಮಗಳೂರಿನಿಂದ ಆರ್.ಟಿ. ನಗರಕ್ಕೆ ಪೊಟ್ಟಣ ಮುಟ್ಟಲು ಅಷ್ಟು ಕಾಲ ಧಾರಾಳ ಸಾಕು. ಸರ್ವರ್ ಪದ್ಧತಿಯ ಅತಿ ದೊಡ್ಡ ಪ್ರಯೋಜನ ಇದೇ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ ಹೆಚ್ಚು ಎಣಿಸುವುದಕ್ಕಿಂತ ಸರಿಯಾದುದನ್ನು ಎಣಿಸುವುದು ಮುಖ್ಯ.

ಆದರೂ ಇದು ಪೂರ್ಣ ಸತ್ಯವಲ್ಲ

ಸರ್ವರ್ ಅಳವಡಿಸಿದೊಡನೆ ಎಲ್ಲವೂ ತಿಳಿದುಹೋಯಿತೆಂದು ಹೇಳುವ ಏಜೆನ್ಸಿಗಳನ್ನು ಸದಸ್ಯರು ನಂಬಬಾರದು. ಜಾಹೀರಾತನ್ನು ಒತ್ತಿದ 7 ದಿನಗಳೊಳಗೆ, ಅಥವಾ ಒತ್ತದೆ ಬರಿದೇ ನೋಡಿದ 1 ದಿನದೊಳಗೆ ಆರ್ಡರ್ ಬಂದರೆ ಅದು ತನ್ನಿಂದಲೇ ಬಂದದ್ದೆಂದು ಮೆಟಾ ಸಾಮಾನ್ಯವಾಗಿ ಬರೆದುಕೊಳ್ಳುತ್ತದೆ. ಮೂರು ವರ್ಷದಿಂದ ತಿಂಗಳು ತಪ್ಪದೆ ನಮ್ಮ ಪುಡಿ ಕೊಳ್ಳುತ್ತಿರುವ ಯಲಹಂಕದ ಗೃಹಿಣಿ ಬೆಳಿಗ್ಗೆ ಜಾಹೀರಾತು ಕಂಡು ಸಂಜೆ ಎಂದಿನಂತೆ ಆರ್ಡರ್ ಹಾಕಿದರೂ ಕೀರ್ತಿ ಜಾಹೀರಾತಿಗೇ. ಅದೇ ಆರ್ಡರನ್ನು ಗೂಗಲ್ ಕೂಡ ತನ್ನದೆಂದು ಹೇಳಬಹುದು. ಇಬ್ಬರ ಲೆಕ್ಕವನ್ನೂ ಕೂಡಿಸಿದರೆ ನಾವು ಕಳುಹಿಸಿದ ಪೊಟ್ಟಣಗಳಿಗಿಂತ ಮಾರಾಟವೇ ಹೆಚ್ಚಾಗಿಬಿಡುತ್ತದೆ!

ಇದಕ್ಕೆ ಮದ್ದು ಕೃಷಿಕರಿಗೆ ಚೆನ್ನಾಗಿ ಗೊತ್ತಿರುವುದೇ. ಹೊಸ ಗೊಬ್ಬರ ಬಂದಾಗ ಇಡೀ ತೋಟಕ್ಕೆ ಹಾಕುವುದಿಲ್ಲ. ನಾಲ್ಕು ಸಾಲಿಗೆ ಹಾಕಿ ನಾಲ್ಕು ಸಾಲನ್ನು ಬಿಟ್ಟು ನೋಡುತ್ತೇವೆ. ಜಾಹೀರಾತಿನಲ್ಲಿಯೂ ಹೀಗೆಯೇ ಮಾಡಬಹುದು. ನಾಲ್ಕು ವಾರ ಯಲಹಂಕ ಮತ್ತು ಆರ್.ಟಿ. ನಗರದಲ್ಲಿ ಜಾಹೀರಾತು ತೋರಿಸಿ, ಹೆಬ್ಬಾಳ ಮತ್ತು ಯಶವಂತಪುರದಲ್ಲಿ ನಿಲ್ಲಿಸುವುದು. ಮುಂದಿನ ನಾಲ್ಕು ವಾರ ಅದಲುಬದಲು. ಎಣಿಸಬೇಕಾದದ್ದು ಕಂಪೆನಿಯ ಪರದೆಯಲ್ಲಿರುವುದನ್ನಲ್ಲ, ನಮ್ಮ ಬಿಲ್ ಪುಸ್ತಕದಲ್ಲಿರುವ ಪಿನ್‌ಕೋಡನ್ನು: ಯಲಹಂಕ 560064, ಆರ್.ಟಿ. ನಗರ 560032, ಹೆಬ್ಬಾಳ 560024, ಯಶವಂತಪುರ 560022. ಹಿಂದಿನ ನಾಲ್ಕು ವಾರಗಳಲ್ಲಿ ಎರಡು ಜೋಡಿಗೂ 40 ಆರ್ಡರ್ ಬಂದಿದ್ದು, ಪರೀಕ್ಷೆಯ ಕಾಲದಲ್ಲಿ ಜಾಹೀರಾತು ಇದ್ದ ಜೋಡಿಗೆ 70, ಇಲ್ಲದ ಜೋಡಿಗೆ 50 ಬಂದವೆನ್ನೋಣ. ಜಾಹೀರಾತು ಇಲ್ಲದಿದ್ದರೂ 10 ಹೆಚ್ಚಿವೆ. ಹಬ್ಬದ್ದೋ ಚಳಿಯದ್ದೋ ಪ್ರಭಾವ. ಆದುದರಿಂದ ಜಾಹೀರಾತಿನ ಪಾಲು 30 ಅಲ್ಲ, 20. ಪರದೆ 45 ಎಂದು ತೋರಿಸುತ್ತಿದ್ದರೂ ನಾವು ಹಣ ಹೂಡಬೇಕಾದದ್ದು 20ನ್ನು ನೋಡಿ. ಸಂಖ್ಯೆಗಳು ಚಿಕ್ಕದಿರುವಾಗ ಒಂದು ಸಲದ ಫಲ ಆಕಸ್ಮಿಕವೂ ಆಗಿರಬಹುದಾದ್ದರಿಂದ ಪರೀಕ್ಷೆಯನ್ನು ಎರಡು ಮೂರು ಬಾರಿ ಮಾಡುವುದು ಕ್ಷೇಮ.

ಗಿರಾಕಿಯ ಮಾನ ನಮ್ಮ ಕೈಯಲ್ಲಿ

ಈಗ ಒಂದು ಗಂಭೀರ ಆಕ್ಷೇಪವನ್ನು ಪರಿಶೀಲಿಸಬೇಕು. “ನಮ್ಮ ಗಿರಾಕಿಗಳ ಫೋನ್ ಸಂಖ್ಯೆಯನ್ನು ಹೊರದೇಶದ ಕಂಪೆನಿಗೆ ಒಪ್ಪಿಸುವುದು ಸರಿಯೇ?” ಎಂದು ಕೆಲವು ಸದಸ್ಯರು ಕೇಳುತ್ತಾರೆ. ಈ ಪ್ರಶ್ನೆ ಕೇಳಿದವರನ್ನು ಹಳೆಯ ಕಾಲದವರೆಂದು ಹಗುರಾಗಿ ಕಾಣುವುದು ತಪ್ಪು. ಸಂಕೇತವಾಗಿ ಬದಲಿಸಿ ಕಳುಹಿಸುವುದರಿಂದ ಯಾರಿಗೂ ಏನೂ ತಿಳಿಯದು ಎಂಬ ಸಮಾಧಾನ ಪೂರ್ತಿ ನಿಜವಲ್ಲ. ನಮ್ಮ ದೇಶದ ಮೊಬೈಲ್ ಸಂಖ್ಯೆ 6, 7, 8, 9ರಲ್ಲೊಂದರಿಂದ ಆರಂಭವಾಗುವ 10 ಅಂಕೆಗಳದು. ಸಾಧ್ಯವಿರುವ ಸಂಖ್ಯೆಗಳು ಒಟ್ಟು 400 ಕೋಟಿ. ಇಷ್ಟನ್ನೂ ಸಂಕೇತಕ್ಕೆ ಬದಲಿಸಿ ತಾಳೆ ನೋಡುವುದು ಇಂದಿನ ಗಣಕಗಳಿಗೆ ದೊಡ್ಡ ಕೆಲಸವಲ್ಲ. ಅಲ್ಲದೆ, ತನ್ನ ಬಳಕೆದಾರರ ಸಂಖ್ಯೆ ಕಂಪೆನಿಯ ಬಳಿ ಮೊದಲೇ ಇರುವುದರಿಂದಲೇ ಹೊಂದಾಣಿಕೆ ಸಾಧ್ಯವಾಗುವುದು. ಆದುದರಿಂದ ಸಂಕೇತವೆಂಬುದು ಲಕೋಟೆಯೇ ಹೊರತು ಬೀಗವಲ್ಲ.

ಹಾಗೆಂದು ಕೈಬಿಡಬೇಕಾದ ಕಾರಣವಿಲ್ಲ, ಮಿತಿಯಲ್ಲಿ ನಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ನಮ್ಮಂಥ ಮಾರಾಟಗಾರರಿಗೂ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಆಗಿನಿಂದ 18 ತಿಂಗಳ ಅವಧಿ ಕೊಡಲಾಗಿದೆ. ಯಾವ ವಿವರವನ್ನು ಯಾವ ಕೆಲಸಕ್ಕೆ ಬಳಸುತ್ತೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು; ಆ ತಿಳಿವಳಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕು. ಎಂದರೆ ಕನ್ನಡದಲ್ಲಿಯೂ. ದತ್ತಾಂಶವನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಕಾನೂನಿನ ಭಯಕ್ಕಿಂತ ಹೆಚ್ಚಿನದು ವಿಶ್ವಾಸದ ಮಾತು. ದೊಡ್ಡ ಕಂಪೆನಿಯ ಪೊಟ್ಟಣ ಬಿಟ್ಟು ನಮ್ಮದನ್ನು ಕೊಳ್ಳುವವರು ಬೆಳೆಗಾರನ ಮುಖ ನೋಡಿ ಕೊಳ್ಳುವವರು. ಬೇಡವೆಂದವರ ವಿವರವನ್ನು ಸರ್ವರಿನ ಹಿಂಬಾಗಿಲಿನಿಂದ ಕಳುಹಿಸುವುದು, ಕೈಚೀಲ ಹಿಡಿದು ಅಂಗಡಿಗೆ ಬಂದವರ ಚೀಲವನ್ನು ಅವರಿಗೆ ತಿಳಿಯದಂತೆ ತೆರೆದು ನೋಡಿದಂತೆ. ಪಿಕ್ಸೆಲಿಗೆ ಅಡ್ಡಬಂದವರನ್ನು ಮರೆಯಲ್ಲಿ ಹಿಡಿಯುವ ಉಪಾಯವಾಗಿ ಈ ಪದ್ಧತಿಯನ್ನು ಬಳಸಬಾರದು. ಬೇಡವೆಂದವರ ಆರ್ಡರ್ ನಮ್ಮ ಪುಸ್ತಕದಲ್ಲಿ ಮಾತ್ರ ಇರಲಿ. ಮೇಲೆ ಹೇಳಿದ ಪಿನ್‌ಕೋಡ್ ಪರೀಕ್ಷೆಗೆ ಯಾರ ಹೆಸರೂ ಬೇಕಾಗಿಲ್ಲವಾದ್ದರಿಂದ ನಮ್ಮ ಲೆಕ್ಕಕ್ಕೆ ಅದರಿಂದ ಕೊರತೆಯೂ ಇಲ್ಲ.

ಒಬ್ಬರಿಂದಾಗದು, ಸಂಘದಿಂದಾದೀತು

ಒಂದು ಜಾಹೀರಾತು ಯಾರಿಗೆ ತೋರಿಸಿದರೆ ಫಲಿಸುತ್ತದೆಂದು ಕಂಪೆನಿಯ ಯಂತ್ರ ಕಲಿಯಲು ವಾರಕ್ಕೆ ಸುಮಾರು 50 ಮಾರಾಟಗಳ ಸುದ್ದಿ ಬೇಕೆಂಬುದು ಮೆಟಾ ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ಐದು ಎಕರೆಯ ಬೆಳೆಗಾರನೊಬ್ಬ ವಾರಕ್ಕೆ ಐದಾರು ಆರ್ಡರಿನ ಮೇಲೆ ಏನು ಕಲಿಸಿಯಾನು? ಅವನು ಕಟ್ಟುವ ಹಣವೆಲ್ಲ ಯಂತ್ರದ ಪಾಠಕ್ಕೇ ಹೋಗುತ್ತದೆ. ಹತ್ತು ಮಂದಿ ಒಂದೇ ಹೆಸರಿನಲ್ಲಿ, ಒಂದೇ ಮಾರಾಟದ ಪುಟದಲ್ಲಿ ಕೂಡಿದರೆ 50 ಆರ್ಡರು ಕಷ್ಟವಲ್ಲ. ಪ್ರತಿಯೊಬ್ಬರ ಎರಡು ಚೀಲಕ್ಕೆ ಪ್ರತ್ಯೇಕ ಲಾರಿ ಮಾಡುವುದಿಲ್ಲ. ಒಂದೇ ಲಾರಿಗೆ ತುಂಬಿಸುತ್ತೇವೆ. ಜಾಹೀರಾತಿಗೂ ಆ ಬುದ್ಧಿಯೇ ಬೇಕು.

“ಇದಕ್ಕೆಲ್ಲ ಭಾರಿ ಖರ್ಚಾದೀತಲ್ಲವೇ?” ಎಂಬ ಅಂಜಿಕೆ ಬೇಡ. ಆರಂಭಕ್ಕೆ ಪ್ರತ್ಯೇಕ ಸರ್ವರನ್ನೇ ಬಾಡಿಗೆಗೆ ಹಿಡಿಯಬೇಕಾಗಿಲ್ಲ. ಶಾಪಿಫೈ, ವೂಕಾಮರ್ಸ್ ಮೊದಲಾದ ಮಾರಾಟ ವ್ಯವಸ್ಥೆಗಳಲ್ಲಿ ಕನ್ವರ್ಷನ್ಸ್ ಎಪಿಐ ಜೋಡಣೆ ಸಿದ್ಧವಾಗಿಯೇ ಸಿಗುತ್ತದೆ. ಹೆಚ್ಚಿನ ಕೆಲಸ ಬೇಕಾದಾಗ, ಉದಾಹರಣೆಗೆ ಪೊಟ್ಟಣ ಮುಟ್ಟಿದ ಮೇಲೆಯೇ ಸುದ್ದಿ ಹೋಗಬೇಕೆಂದಾಗ, ತಿಳಿದವರೊಬ್ಬರಿಂದ ಮಾಡಿಸಬೇಕು.

ಮಾಡಿಸುವವರು ಯಾರೇ ಆಗಲಿ, ಒಂದು ವಿಷಯದಲ್ಲಿ ರಾಜಿ ಇರಬಾರದು. ಜಾಹೀರಾತು ಖಾತೆ, ಪಿಕ್ಸೆಲ್, ಸರ್ವರಿನ ಗುಪ್ತ ಕೀಲಿ, ಗಿರಾಕಿಗಳ ಪಟ್ಟಿ ನಾಲ್ಕೂ ಸಂಘದ ಹೆಸರಿನಲ್ಲಿರಬೇಕು; ಏಜೆನ್ಸಿಗೆ ಕೆಲಸ ಮಾಡಲು ಬೇಕಾದಷ್ಟು ಅಧಿಕಾರ ಮಾತ್ರ. ಏಜೆನ್ಸಿಯ ಹೆಸರಿನಲ್ಲಿ ಖಾತೆ ತೆರೆದು, ಒಪ್ಪಂದ ಮುಗಿದಾಗ ವರ್ಷಗಳ ಲೆಕ್ಕವೆಲ್ಲ ಅವರೊಡನೆಯೇ ಹೋದರೆ ತೋಟವನ್ನು ಗೇಣಿಗೆ ಕೊಟ್ಟು ಪಟ್ಟೆಯನ್ನೂ ಬರೆದುಕೊಟ್ಟ ಹಾಗಾಗುತ್ತದೆ. ಕೀಲಿಯನ್ನು ಎಂದಿಗೂ ಮಾರಾಟ ಪುಟದ ಲಿಪಿಯೊಳಗೆ ಇಡಬಾರದು. ಅಲ್ಲಿಟ್ಟರೆ ಯಾರು ಬೇಕಾದರೂ ಎತ್ತಿಕೊಂಡು ನಮ್ಮ ಹೆಸರಿನಲ್ಲಿ ಸುಳ್ಳು ಲೆಕ್ಕ ಬರೆಯಬಹುದು.

“ಬೆಳೆಯುವುದು ನಮ್ಮ ಕೆಲಸ, ಅಂಗಡಿ ನಡೆಸುವುದಲ್ಲ, ಬಾಯಿಂದ ಬಾಯಿಗೆ ಹೋದ ಹೆಸರೇ ಸಾಕು” ಎನ್ನುವ ಹಿರಿಯರ ಮಾತಿನಲ್ಲಿಯೂ ಹುರುಳಿದೆ. ಕೆಟ್ಟ ಪುಡಿಯನ್ನು ಯಾವ ಜಾಹೀರಾತೂ ಎರಡನೆಯ ಬಾರಿ ಮಾರಲಾರದು. ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ಪ್ರಾಮಾಣಿಕವಾಗಿ ಬರೆಯದ ಬೆಳೆಗಾರನಿಗೆ ಸರ್ವರಿನಿಂದ ಪ್ರಯೋಜನವಿಲ್ಲ. ಆದರೆ ನಮ್ಮ ಸದಸ್ಯರು ಈಗಾಗಲೇ ಜಾಹೀರಾತಿಗೆ ಹಣ ಕೊಡುತ್ತಿದ್ದಾರೆ. ಕೊಡುವ ಹಣವನ್ನು ತೂಗಿ ಕೊಡಿರೆಂದಷ್ಟೇ ನಾವು ಹೇಳುವುದು. ಪರೀಕ್ಷೆಯ ಫಲ ಜಾಹೀರಾತಿಗೆ ವಿರುದ್ಧವಾಗಿ ಬಂದರೆ ಆ ಹಣವನ್ನು ಕೃಷಿ ಮೇಳದ ಮಳಿಗೆಗೋ ಯಲಹಂಕದಲ್ಲೊಂದು ಹುರಿಯುವ ಯಂತ್ರಕ್ಕೋ ಹಾಕಬಹುದು. ಅದನ್ನೂ ಹೇಳಬಲ್ಲದ್ದು ಸರಿಯಾದ ತಕ್ಕಡಿ ಮಾತ್ರ.

ನಮ್ಮ ಸೂಚನೆ

ಬರುವ ಮಹಾಸಭೆಯಲ್ಲಿ ಸದಸ್ಯರು ಈ ಕೆಳಗಿನ ಅಂಶಗಳನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ.

1. ಉತ್ತರ ಬೆಂಗಳೂರಿನ ಮಾರಾಟಕ್ಕಾಗಿ ಸಂಘದ ಹೆಸರಿನಲ್ಲಿ ಒಂದೇ ಮಾರಾಟ ಪುಟ, ಒಂದೇ ಜಾಹೀರಾತು ಖಾತೆ. ಕೀಲಿ ಕಾರ್ಯದರ್ಶಿಯವರ ವಶದಲ್ಲಿ.

2. ಪೊಟ್ಟಣ ಮುಟ್ಟಿ ಹಣ ಬಂದ ಆರ್ಡರನ್ನು ಮಾತ್ರ ಮಾರಾಟವೆಂದು ಸರ್ವರಿನಿಂದ ತಿಳಿಸುವುದು. ಬಿಲ್ ಸಂಖ್ಯೆಯೇ ಘಟನೆಯ ಸಂಖ್ಯೆ. ಒಂದೇ ಆರ್ಡರಿಗೆ ಎರಡು ಎಣಿಕೆ ಆಗದಂತೆ ಮಾರಾಟದ ಸುದ್ದಿ ಪಿಕ್ಸೆಲಿನಿಂದ ಹೋಗದಿರಲಿ; ಪುಟಕ್ಕೆ ಬಂದವರ ಎಣಿಕೆಗೆ ಮಾತ್ರ ಅದು ಸಾಕು.

3. ಒಪ್ಪಿಗೆಯ ತಿಳಿವಳಿಕೆ ಸರಳ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಬೇಕು. ಬೇಡವೆಂದವರ ವಿವರ ಹೊರಗೆ ಹೋಗಬಾರದು.

4. ವರ್ಷಕ್ಕೆ ಎರಡು ಬಾರಿ ಬಡಾವಣೆವಾರು ಪರೀಕ್ಷೆ. ಅದರ ಫಲವನ್ನು ಲಾಭವಿರಲಿ ನಷ್ಟವಿರಲಿ ಈ ಪತ್ರಿಕೆಯಲ್ಲಿ ಪ್ರಕಟಿಸುವುದು.

5. ಜಾಹೀರಾತು ಖರ್ಚನ್ನು ಸದಸ್ಯರು ಕಳುಹಿಸಿದ ಸರಕಿನ ಪ್ರಮಾಣಕ್ಕನುಸಾರ ಹಂಚುವುದು. ಐದು ಎಕರೆಯವನ ಹಣದಲ್ಲಿ ಐವತ್ತು ಎಕರೆಯವನ ಪುಡಿ ಮಾರಾಟವಾಗಬಾರದು.

ಬೆಲೆ ಚೆನ್ನಾಗಿರುವ ವರ್ಷಗಳಲ್ಲಿ ಇಂಥ ಮಾತು ಯಾರಿಗೂ ರುಚಿಸುವುದಿಲ್ಲ. ವ್ಯಾಪಾರಿಯೇ ತೋಟದ ಬಾಗಿಲಿಗೆ ಬರುವಾಗ ಮನೆಮನೆಯ ಗಿರಾಕಿ ಯಾರಿಗೆ ಬೇಕು? ಆದರೆ ಬೆಲೆ ಇಳಿದ ವರ್ಷವನ್ನು ಕಾಣದ ಕಾಫಿ, ಅಡಿಕೆ ಬೆಳೆಗಾರನಿಲ್ಲ. ಆ ವರ್ಷ ಬಂದಾಗ ನಮ್ಮ ಕೈಯಲ್ಲಿ ಹೆಬ್ಬಾಳ, ಯಲಹಂಕದ ಕೆಲವು ಸಾವಿರ ಮನೆಗಳ ವಿಶ್ವಾಸ ಮತ್ತು ಆ ಮನೆಗಳನ್ನು ತಲುಪಲು ತಗಲುವ ನಿಜವಾದ ಖರ್ಚಿನ ಲೆಕ್ಕ ಇದ್ದರೆ, ವ್ಯಾಪಾರಿ ಹೇಳಿದ ದರಕ್ಕೆ ತಲೆಯಾಡಿಸುವ ಗತಿ ಬಾರದು. ಸದಸ್ಯ ಬಾಂಧವರು ಈ ಬಗ್ಗೆ ತಮ್ಮ ಅನುಭವ, ಆಕ್ಷೇಪಗಳನ್ನು ಬರೆದು ಕಳುಹಿಸಬೇಕು. ಮಹಾಸಭೆಗೆ ತಮ್ಮ ತಮ್ಮ ಜಾಹೀರಾತು ಬಿಲ್ಲನ್ನೂ ಆರ್ಡರ್ ಪುಸ್ತಕವನ್ನೂ ಜೊತೆಗೆ ತರಬೇಕೆಂದು ವಿನಂತಿ.